ಸೈನೈಡ್ ಗುಡ್ಡದ ಕೆಳಗಿನ ಹೊಲ: ಸುಣ್ಣಕ್ಕೂ ಮೊದಲು ನೀರು

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕೆಜಿಎಫ್ ಪಕ್ಕದ ಹಳ್ಳಿ. ಎರಡೂವರೆ ಎಕರೆ ಹೊಲ ಸೈನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ರಾಶಿಯ, ಬುಡಕ್ಕೇ ಇದೆ. ಅಪ್ಪನ ಕಾಲದಲ್ಲಿ ರಾಗಿ, ಅವರೆ ಚೆನ್ನಾಗಿಯೇ ಬರುತ್ತಿತ್ತು. ಈಗ ಏಳೆಂಟು ವರ್ಷದಿಂದ ಗುಡ್ಡದ ಕಡೆಯ ಅರ್ಧ ಎಕರೆಯಲ್ಲಿ ಪೈರು ಗೇಣುದ್ದ ಬಂದು ನಿಂತುಬಿಡುತ್ತದೆ. ಮಳೆಗಾಲದಲ್ಲಿ ಬುಡದಿಂದ ನೀರು ಜಿನುಗಿ ಕಾಲುವೆಗೆ ಬರುತ್ತದೆ, ಹರಿಯುತ್ತ ಹರಿಯುತ್ತ ಕಿತ್ತಳೆ ಬಣ್ಣ ಆಗುತ್ತದೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಬಿಳಿ, ಹಳದಿ ಪುಡಿ ಕಟ್ಟುತ್ತದೆ. ಇದು ಸೈನೈಡ್ ಅಂತ ಊರವರು ಹೇಳುತ್ತಾರೆ. ಗೊಬ್ಬರದ ಅಂಗಡಿಯವರು ಸುಣ್ಣ ಸುರಿಯಿರಿ ಅಂತಾರೆ. ಜೆಸಿಬಿಯವರು ಒಂದಡಿ ಕೆರೆ ಗೋಡು ಹೊಡೆಸಿದರೆ ಸರಿಹೋಗುತ್ತೆ ಅಂತಾರೆ. ನಮ್ಮ ತಮ್ಮ ನೀಲಗಿರಿ ನೆಟ್ಟು ಸುಮ್ನೆ ಬಿಡೋಣ ಅಂತಾನೆ. ಗುಡ್ಡದ ಮಣ್ಣನ್ನೇ ಮತ್ತೆ ತೆಗೆದು ಚಿನ್ನ ಮಾಡುತ್ತಾರಂತೆ, ಅಲ್ಲಿಯವರೆಗೆ ಕಾಯಬೇಕಾ? ಗಣಿ ಮುಚ್ಚಿ ಇಷ್ಟು ವರ್ಷ ಆದಮೇಲೆ ಇದು ಯಾಕೆ ಶುರುವಾಯಿತು? ಬೋರ್‌ವೆಲ್ ನೀರು ಕುಡಿಯಬಹುದಾ? ಎರಡು ಹಸು ಅಲ್ಲೇ ಮೇಯುತ್ತವೆ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಮಾತು "ಹರಿಯುತ್ತ ಹರಿಯುತ್ತ ಕಿತ್ತಳೆ ಬಣ್ಣ ಆಗುತ್ತದೆ" ಅನ್ನುವುದು. ಅಂದರೆ ಜಿನುಗುವ ಜಾಗದಲ್ಲಿ ನೀರು ತಿಳಿಯಾಗಿದೆ, ಆಮೇಲೆ ಬಣ್ಣ ತಿರುಗುತ್ತದೆ. ಗಣಿ ನೀರಿನ ಕೆಲಸ ಮಾಡುವ ನನ್ನಂಥವರಿಗೆ ಇದು ದೊಡ್ಡ ಸುಳಿವು. ನಿಮ್ಮ ಚಿಂತೆ ಸೈನೈಡ್ ಬಗ್ಗೆ. ನನ್ನ ಅನುಮಾನ ಆಮ್ಲದ ಮೇಲೆ. ಅದರ ಜೊತೆ ಬರುವ ಆರ್ಸೆನಿಕ್ ಎಂಬ ವಿಷದ ಮೇಲೆ ಇನ್ನೂ ಜಾಸ್ತಿ.

ಮೊದಲು ಸೈನೈಡ್ ವಿಷಯ ಮುಗಿಸೋಣ. ಪುಡಿ ಮಾಡಿದ ಅದಿರಿನಿಂದ ಚಿನ್ನ ಕರಗಿಸಲು ಸೈನೈಡ್ ಬಳಸಿದ್ದು ನಿಜ, ಗುಡ್ಡಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ಆದರೆ ಅದು ತುಂಬಾ ತೆಳು ದ್ರಾವಣ. ಬಿಸಿಲು, ಗಾಳಿ ತಾಗಿದರೆ ಬೇಗ ಒಡೆದುಹೋಗುತ್ತದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಇಷ್ಟು ವರ್ಷ ಬಿಸಿಲಿಗೆ ಬಿದ್ದ ಮೇಲ್ಮಣ್ಣಿನಲ್ಲಿ ಬಿಡಿ ಸೈನೈಡ್ ಉಳಿದಿರುವ ಸಾಧ್ಯತೆ ಕಡಿಮೆ. ಗುಡ್ಡದ ಆಳದಲ್ಲಿ ಕಬ್ಬಿಣದ ಜೊತೆ ಗಟ್ಟಿಯಾಗಿ ಕೂಡಿಕೊಂಡ ಸೈನೈಡ್ ಇರಬಹುದು. ಅದು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ, ವಿಷವೂ ಕಡಿಮೆ. ಹಾಗಂತ ಪರೀಕ್ಷೆ ಬಿಡಬೇಡಿ, ಆದರೆ ಇದನ್ನೇ ಹಿಡಿದು ಕೂರಬೇಡಿ. ಈ ಹೆಸರಿನ ತೊಂದರೆ ಏನೆಂದರೆ, ಲ್ಯಾಬಿನಲ್ಲಿ "ಸೈನೈಡ್ ಇಲ್ಲ" ಅಂತ ಬರೆದುಕೊಟ್ಟ ಕೂಡಲೇ ಎಲ್ಲರೂ ನಿರಾಳವಾಗಿಬಿಡುತ್ತಾರೆ. ಉಳಿದದ್ದನ್ನು ಯಾರೂ ನೋಡುವುದೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಗಣಿ ಪಕ್ಕದ ಕೆಂಪು ನೀರೆಲ್ಲ ಆಮ್ಲ ಅನ್ನುವುದು. ಬಳ್ಳಾರಿ, ಸಂಡೂರಿನ ಹಳ್ಳಗಳಲ್ಲಿ ಮಳೆಗಾಲದಲ್ಲಿ ಹರಿಯುವ ಕೆಂಪು ನೀರು ಬಹುಪಾಲು ಕಬ್ಬಿಣದ ಅದಿರಿನ ದೂಳು, ಅಷ್ಟೆ. ಕುದುರೆಮುಖದ ಲಖ್ಯಾ ಅಣೆಕಟ್ಟೆಯ ಹಿಂದೆ ಅಷ್ಟೊಂದು ಗಣಿ ಹೂಳು ತುಂಬಿದೆ. ಆ ಅದಿರಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಅಲ್ಲಿಯ ಸಮಸ್ಯೆ ಆಮ್ಲದ್ದಲ್ಲ, ಹೂಳಿನದ್ದು. ವ್ಯತ್ಯಾಸ ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ನೀರು ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಕೆಂಪು ಬಣ್ಣ ತಳಕ್ಕೆ ಕೂತು ಮೇಲೆ ನೀರು ತಿಳಿಯಾದರೆ ಅದು ಮಣ್ಣು. ಹಿಡಿದಾಗ ತಿಳಿಯಾಗಿದ್ದದ್ದು ಒಂದೆರಡು ದಿನದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಬಾಟಲಿಯ ಒಳಗೋಡೆಗೆ ತುಕ್ಕಿನಂಥ ಪೊರೆ ಅಂಟಿದರೆ, ಕಬ್ಬಿಣ ನೀರಿನಲ್ಲಿ ಕರಗಿ ಬಂದಿದೆ ಅಂತ ಅರ್ಥ. ಗಾಳಿ ತಾಗಿದಾಗ ಆ ಕಬ್ಬಿಣ ಹೊರಬೀಳುತ್ತದೆ. ಹೊರಬೀಳುವಾಗ ಇನ್ನಷ್ಟು ಆಮ್ಲ ಬಿಟ್ಟು ಹೋಗುತ್ತದೆ. ಅದಕ್ಕೇ ಕೆಲವು ಕಡೆ ಜಿನುಗುವ ಬಾಯಿಗಿಂತ ಐವತ್ತು ಮಾರು ಕೆಳಗೆ ನೀರು ಜಾಸ್ತಿ ಹುಳಿ. ಕಿತ್ತಳೆ ನೀರು ಕಂಡರೆ ಜನ ದೂರ ಹೋಗುತ್ತಾರೆ. ನನಗೆ ಭಯ ತಿಳಿ ನೀರಿನದ್ದು. ದನ ಕುಡಿಯುವುದು ಅದನ್ನೇ.

ಈ ಆಮ್ಲ ಬರುವುದು ಎಲ್ಲಿಂದ? ಬಂಗಾರದ ಅದಿರಿನ ಜೊತೆ ಪೈರೈಟ್, ಪಿರ್‍ಹೋಟೈಟ್, ಆರ್ಸೆನೊಪೈರೈಟ್ ಎಂಬ ಖನಿಜಗಳು ಇರುತ್ತವೆ. ಮೂರರಲ್ಲೂ ಕಬ್ಬಿಣ, ಗಂಧಕ ಇವೆ. ಮೂರನೆಯದರಲ್ಲಿ ಆರ್ಸೆನಿಕ್ ಸಹ ಇದೆ. ನೆಲದ ಆಳದಲ್ಲಿ, ಗಾಳಿ ತಾಗದೆ ಇದ್ದಾಗ ಇವು ಯಾರ ತಂಟೆಗೂ ಬರುವುದಿಲ್ಲ. ಹಿಟ್ಟಿನಷ್ಟು ಸಣ್ಣಗೆ ಅರೆದು ಬಯಲಿಗೆ ಹಾಕಿದರೆ ಗಾಳಿ ಮತ್ತು ನೀರು ಸೇರಿ ಗಂಧಕ ಸಲ್ಫ್ಯೂರಿಕ್ ಆಮ್ಲ ಆಗುತ್ತದೆ. ಪಿಎಚ್ (ಹುಳಿ ಅಳೆಯುವ ಅಂಕಿ; 7 ಅಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಇಳಿದ ಮೇಲೆ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಕಬ್ಬಿಣವೇ ಅದರ ಆಹಾರ. ಅದು ಬಂತೆಂದರೆ ಕೆಲಸ ಎಷ್ಟೋ ಪಟ್ಟು ಚುರುಕಾಗುತ್ತದೆ.

ಕೆಜಿಎಫ್‌ನ ಎಲ್ಲ ಗುಡ್ಡಗಳೂ ಒಂದೇ ಥರ ಅಲ್ಲ. ಚಾಂಪಿಯನ್ ರೀಫ್‌ನ ಅದಿರು ಬಹುಪಾಲು ಬಿಳಿ ಬೆಣಚುಕಲ್ಲು, ಅದರಲ್ಲಿ ಗಂಧಕ ಕಡಿಮೆ. ಪಶ್ಚಿಮದ ಸಾಲಿನ ಅದಿರಿನಲ್ಲಿ ಸಲ್ಫೈಡ್, ಅಂದರೆ ಮೇಲೆ ಹೇಳಿದಂಥ ಗಂಧಕದ ಖನಿಜ, ಜಾಸ್ತಿ. ಯಾವ ಗುಡ್ಡಕ್ಕೆ ಯಾವ ಅದಿರಿನ ಮಣ್ಣು ಬಿತ್ತು ಅನ್ನುವುದರ ಮೇಲೆ ಅದರ ಗುಣ ನಿಂತಿದೆ. ಒಂದೇ ಗುಡ್ಡದಲ್ಲೂ ಪದರಗಳು ಬೇರೆ ಬೇರೆ. ಆದ್ದರಿಂದ "ಪಕ್ಕದ ಊರಲ್ಲಿ ಪರೀಕ್ಷೆ ಮಾಡಿಸಿದ್ರು, ಏನೂ ಇರಲಿಲ್ಲ" ಅನ್ನುವ ಮಾತು ನಿಮ್ಮ ಹೊಲಕ್ಕೆ ಅನ್ವಯಿಸುವುದಿಲ್ಲ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಸೈನೈಡ್ ಕೆಲಸ ಮಾಡಬೇಕಾದರೆ ದ್ರಾವಣ ಕ್ಷಾರವಾಗಿರಬೇಕು, ಇಲ್ಲದಿದ್ದರೆ ಅದು ವಿಷಗಾಳಿಯಾಗಿ ಹಾರಿಹೋಗುತ್ತದೆ. ಅದಕ್ಕಾಗಿ ಗಿರಣಿಯಲ್ಲಿ ಸುಣ್ಣ ಬೆರೆಸುತ್ತಾರೆ. ಆ ಸುಣ್ಣ ಮಣ್ಣಿನ ಜೊತೆಗೇ ಗುಡ್ಡ ಸೇರುತ್ತದೆ. ಕಲ್ಲಿನಲ್ಲೇ ಇರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಕೂಡ ಇರುತ್ತದೆ. ಮೊದಲ ಎಷ್ಟೋ ವರ್ಷ ಹುಟ್ಟಿದ ಆಮ್ಲವನ್ನೆಲ್ಲ ಇವೆರಡು ಕೊಲ್ಲುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಸುಣ್ಣ ಮುಗಿಯುತ್ತದೆ, ಗಂಧಕ ಇನ್ನೂ ಉಳಿದಿರುತ್ತದೆ. ನಿಮ್ಮ ಕಡೆಯ ಇಳಿಜಾರಿನಲ್ಲಿ ಆಗಿರುವುದು ಬಹುಶಃ ಇದೇ. ಇಳಿಜಾರಿನ ದಪ್ಪ ಮರಳಿಗೆ ಗಾಳಿ ಒಳಗೆ ನುಗ್ಗುವುದು ಸುಲಭ. ಗುಡ್ಡದ ನಡುವಿನ ನುಣುಪು ಮಣ್ಣು ಒದ್ದೆಯಾಗಿರುವ ತನಕ ಗಾಳಿಯನ್ನು ತಡೆಯುತ್ತದೆ.

ಇದು ಎಷ್ಟು ದಿನ ನಡೆಯುತ್ತದೆ ಅಂದರೆ, ದಶಕಗಟ್ಟಲೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಕೆಜಿಎಫ್‌ಗೆ ಬಂದಿದ್ದರಲ್ಲ, ಅದೇ ಕಾರ್ನ್‌ವಾಲ್‌ನ ವೀಲ್ ಜೇನ್ ಎಂಬ ತವರದ ಗಣಿ 1991ರಲ್ಲಿ ಮುಚ್ಚಿತು. ಪಂಪ್ ನಿಂತಿತು, ಒಳಗೆ ನೀರು ಏರಿತು. 1992ರ ಜನವರಿಯಲ್ಲಿ ಹಳೆಯ ಸುರಂಗದ ಬಾಯಿಂದ ಆಮ್ಲದ ನೀರು ನುಗ್ಗಿ ಫಾಲ್ ನದಿಯ ಅಳಿವೆಯವರೆಗೆ ಕಿತ್ತಳೆ ಬಣ್ಣ ಹಬ್ಬಿತು. ಅಂದಿನಿಂದ ಆ ನೀರಿಗೆ ಸುಣ್ಣ ಬೆರೆಸಿ ಶುದ್ಧ ಮಾಡುವ ಕೆಲಸ ನಡೆದುಕೊಂಡೇ ಬಂದಿದೆ. ಅದು ಸರ್ಕಾರದ ದುಡ್ಡು. ನಿಮ್ಮ ಅರ್ಧ ಎಕರೆಗೆ ಅಷ್ಟು ವರ್ಷ ಸುಣ್ಣ ಸುರಿಯುವುದು ನಿಮ್ಮ ಕೈಲಿ ಆಗುವ ಮಾತಲ್ಲ. ಅದಕ್ಕೇ ನಾನು ಹೇಳುವ ಕ್ರಮ ಒಂದೇ: ಮೊದಲು ನೀರು, ಆಮೇಲೆ ಮಣ್ಣು, ಕೊನೆಗೆ ಗಿಡ. ನಿಮಗೆ ಸಿಕ್ಕಿರುವ ಮೂರು ಸಲಹೆಗಳೂ ಪೂರ್ತಿ ತಪ್ಪಲ್ಲ. ಮೂರೂ ನೀರನ್ನು ಬಿಟ್ಟು ಶುರುವಾಗುತ್ತವೆ, ಅದೇ ತೊಂದರೆ.

ಸುಣ್ಣದ ಲೆಕ್ಕ ನೋಡಿ. ಒಂದು ಟನ್ ಮಣ್ಣಿನಲ್ಲಿ ಶೇ 1ರಷ್ಟು ಸಲ್ಫೈಡ್ ಗಂಧಕ ಇದ್ದರೆ, ಅದರಿಂದ ಹುಟ್ಟುವ ಪೂರ್ತಿ ಆಮ್ಲ ಕೊಲ್ಲಲು ಸುಮಾರು 31 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಒಂದು ಎಕರೆಯಲ್ಲಿ ಒಂದಡಿ ಆಳದ ಮಣ್ಣು ಅಂದಾಜು 1800 ಟನ್. ಅಂದರೆ ಎಕರೆಗೆ 56 ಟನ್ ಪುಡಿ! ನಿಮ್ಮ ಹೊಲದಲ್ಲಿ ಇರುವುದು ಬರೀ ಗುಡ್ಡದ ಮಣ್ಣಲ್ಲ, ಕೊಚ್ಚಿಕೊಂಡು ಬಂದು ಬೆರೆತದ್ದು. ಲೆಕ್ಕ ಇಷ್ಟು ಏರಲಿಕ್ಕಿಲ್ಲ. ಆದರೆ ಅಂಗಡಿಯವರು ಹೇಳುವ "ಎಕರೆಗೆ ನಾಲ್ಕು ಮೂಟೆ" ಎಲ್ಲಿಗೂ ಸಾಲುವುದಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ? ಪ್ರತಿ ಮಳೆಗಾಲ ಹೊಸ ಆಮ್ಲ ಬರುತ್ತಿದ್ದರೆ ಹಾಕಿದ್ದೂ ವ್ಯರ್ಥ.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಸುಣ್ಣ ಜಾಸ್ತಿ ಆದರೂ ಕಷ್ಟ. ಆಮ್ಲದ ಮಣ್ಣಿನಲ್ಲಿ ಆರ್ಸೆನಿಕ್ ಬಹುಪಾಲು ಆ ಕಿತ್ತಳೆ ತುಕ್ಕಿಗೆ ಅಂಟಿಕೊಂಡಿರುತ್ತದೆ. ಪಿಎಚ್ 8 ದಾಟಿದರೆ ಅದು ಬಿಡಿಸಿಕೊಂಡು ನೀರಿಗೆ ಬರಲು ಶುರುವಾಗುತ್ತದೆ. ಆದ್ದರಿಂದ ಸುಟ್ಟ ಸುಣ್ಣ ಬೇಡವೇ ಬೇಡ, ಅದು ಒಂದೇ ಏಟಿಗೆ ಪಿಎಚ್ ಏರಿಸಿಬಿಡುತ್ತದೆ. ಸುಣ್ಣಕಲ್ಲಿನ ಪುಡಿ ಅಥವಾ ಡೋಲೊಮೈಟ್ ಪುಡಿ ನಿಧಾನವಾಗಿ ಕೆಲಸ ಮಾಡುತ್ತದೆ, ಮಿತಿ ಮೀರುವುದಿಲ್ಲ. ರಂಜಕ ಇರುವ ಡಿಎಪಿ ಗೊಬ್ಬರ ಹಾಕುವಾಗಲೂ ಕೈ ಹಿಡಿತದಲ್ಲಿರಲಿ. ರಂಜಕ ತುಕ್ಕಿನ ಮೇಲಿರುವ ಆರ್ಸೆನಿಕ್ ಅನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಆ ಅರ್ಧ ಎಕರೆಯಲ್ಲಿ ಭತ್ತ ನಾಟಿ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ನೀರು ನಿಂತ ಗದ್ದೆಯಲ್ಲಿ ತುಕ್ಕೇ ಕರಗಿ ಆರ್ಸೆನಿಕ್ ಬೇರಿಗೆ ಸಿಗುತ್ತದೆ.

ಕೆರೆ ಗೋಡು ನನಗೂ ಇಷ್ಟದ ಮಣ್ಣು. ಆದರೆ ಹುಳಿ ಮಣ್ಣಿನ ಮೇಲೆ ನೇರವಾಗಿ ಹೊಡೆಸಿದರೆ, ಬೇಸಿಗೆಯಲ್ಲಿ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡು ಕೆಳಗಿನ ಉಪ್ಪನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಿ ಪುಡಿ ಹೊಸ ಮಣ್ಣಿನ ಮೇಲೆ ಹಾಜರ್. ನಡುವೆ ಮುಕ್ಕಾಲರಿಂದ ಒಂದು ಅಡಿ ದಪ್ಪ ಜಲ್ಲಿ ಪದರ ಬೇಕು, ಅದರ ದೊಡ್ಡ ಸಂದುಗಳಲ್ಲಿ ನೀರು ಮೇಲೇರುವುದಿಲ್ಲ. ಜಲ್ಲಿ ಕ್ರಷರ್‌ನಿಂದ ತನ್ನಿ. ಗಣಿಯ ಹಳೇ ಕಲ್ಲುರಾಶಿ ಪುಕ್ಕಟೆ ಸಿಗುತ್ತೆ ಅಂತ ತಂದರೆ ಅದರಲ್ಲೇ ಸಲ್ಫೈಡ್ ಇದ್ದರೂ ಇರಬಹುದು.

ನೀಲಗಿರಿ ಬಗ್ಗೆ: ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದಕ್ಕೆ ನಿಷೇಧ ಹಾಕಿತು, ಅದು ಒಂದು. ಜೊತೆಗೆ ಪಿಎಚ್ 4ಕ್ಕಿಂತ ಕೆಳಗಿದ್ದರೆ ಅದೂ ಏಳುವುದಿಲ್ಲ. ಆದರೆ ನಿಮ್ಮ ತಮ್ಮನ ಯೋಚನೆಯಲ್ಲಿ ಹುರುಳಿದೆ. ಮರ ನೀರು ಹೀರಿದಷ್ಟೂ ಕೆಳಗೆ ಇಳಿಯುವ ನೀರು ಕಡಿಮೆ. ಅದು ಆಗಬೇಕಾದ್ದು ಗುಡ್ಡದ ನೆತ್ತಿಯ ಮೇಲೆ, ನಿಮ್ಮ ಹೊಲದಲ್ಲಲ್ಲ.

ಸರಿ, ಏನು ಮಾಡಬೇಕು?

ಮೊದಲು ಅಳತೆ. ಕೆಟ್ಟ ಜಾಗದ ಒಂದು ಸಸಿ ಬೇರುಸಮೇತ ಕೀಳಿ, ಚೆನ್ನಾಗಿರುವ ಕಡೆಯದ್ದೊಂದು ಕೀಳಿ, ತೊಳೆದು ಪಕ್ಕಪಕ್ಕ ಇಡಿ. ಕೆಟ್ಟ ಜಾಗದ ಬೇರು ಮೊಂಡಾಗಿ, ದಪ್ಪಗೆ, ತುದಿ ಕಂದಾಗಿ, ಕೂದಲಿನಂಥ ಸಣ್ಣ ಬೇರುಗಳೇ ಇಲ್ಲದೆ ಇದ್ದರೆ ಅದು ಅಲ್ಯೂಮಿನಿಯಂ ಏಟು. ಪಿಎಚ್ ಸುಮಾರು 5ರ ಕೆಳಗೆ ಹೋದಾಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರನ್ನು ಸುಡುತ್ತದೆ. ಗಿಡ ಬಾಯಾರಿ ಸಾಯುತ್ತದೆ, ನಾವು ಗೊಬ್ಬರ ಸಾಲಲಿಲ್ಲ ಅಂದುಕೊಳ್ಳುತ್ತೇವೆ. ಆಮೇಲೆ ಗುಡ್ಡದಿಂದ ದೂರಕ್ಕೆ ಹತ್ತು ಹತ್ತು ಮಾರಿಗೆ ಒಂದರಂತೆ ಮಣ್ಣಿನ ಮಾದರಿ ತೆಗೆಯಿರಿ, ಅರ್ಧ ಅಡಿಯಲ್ಲಿ ಒಂದು, ಒಂದೂವರೆ ಅಡಿಯಲ್ಲಿ ಒಂದು. ಎಲ್ಲವನ್ನೂ ಬೆರೆಸಿ ಒಂದೇ ಪೊಟ್ಟಣ ಮಾಡಬೇಡಿ. ಸಾಮಾನ್ಯ ಮಣ್ಣು ಪರೀಕ್ಷೆಗೆ ಹಾಗೆ ಹೇಳಿಕೊಡುತ್ತಾರೆ, ಇಲ್ಲಿ ಅದು ಉಲ್ಟಾ. ಪಿಎಚ್, ಲವಣಾಂಶ, ಸುಣ್ಣದ ಅಗತ್ಯ, ಇಷ್ಟು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ವಿಚಾರಿಸಿ. ಸಲ್ಫೈಡ್ ಗಂಧಕ, ಆರ್ಸೆನಿಕ್, ತಾಮ್ರ, ಸತು, ಕ್ಯಾಡ್ಮಿಯಂಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್ ಬೇಕು. ಪಿಎಚ್ 5.5ರ ಮೇಲಿದ್ದರೆ ಕೆಲಸ ಸುಲಭ. 4ರ ಕೆಳಗಿದ್ದರೆ ಮಣ್ಣಿನಲ್ಲೇ ಸಲ್ಫೈಡ್ ಕೂತು ಆಮ್ಲ ಹುಟ್ಟಿಸುತ್ತಿದೆ ಅಂತ ತಿಳಿಯಿರಿ.

ಮಳೆಗಾಲದಲ್ಲಿ ಜಿನುಗು ಎಷ್ಟಿದೆ ಅಂತ ಬಕೆಟ್ ಹಿಡಿದು, ಮೊಬೈಲ್‌ನಲ್ಲಿ ಸಮಯ ನೋಡಿ ಬರೆದಿಡಿ. ಈ ಒಂದು ಅಂಕಿ ಇಲ್ಲದೆ ಯಾವ ಎಂಜಿನಿಯರ್ ಹೇಳಿದ ಉಪಾಯವೂ ಬರೀ ಊಹೆ.

ಆಮೇಲೆ ತಡೆಗಾಲುವೆ. ಗುಡ್ಡದ ಕಡೆಯ ಬದುವಿನ ಒಳಗೆ, ನಿಮ್ಮ ಹದ್ದಿನಲ್ಲೇ, ಜಿನುಗು ನೀರನ್ನು ಹಿಡಿದು ಪಕ್ಕಕ್ಕೆ ಒಯ್ಯುವ ಕಾಲುವೆ. ಗುಡ್ಡದ ಬುಡವನ್ನು ಮಾತ್ರ ಕೆರೆಯಬೇಡಿ, ಜೆಸಿಬಿಯವರು ಎಷ್ಟೇ ಧೈರ್ಯ ಹೇಳಲಿ. ಬುಡ ಕಡಿದರೆ ಒದ್ದೆ ಮಣ್ಣಿನ ಇಳಿಜಾರು ಕುಸಿದು ಮೈಮೇಲೆ ಬರುತ್ತದೆ. ಕಾಲುವೆಗೆ ಸಿಮೆಂಟ್ ಬೇಡ, ಆಮ್ಲ ಮತ್ತು ಸಲ್ಫೇಟ್ ಎರಡೂ ಸಿಮೆಂಟನ್ನು ತಿನ್ನುತ್ತವೆ. ಕೃಷಿಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಬೇರೆ ಕಡೆಯಿಂದ ಬರುವ ಒಳ್ಳೆಯ ಮಳೆನೀರಿಗೆ ಬೇರೆ ಕಾಲುವೆ ಇರಲಿ. ಎರಡೂ ಸೇರಿದರೆ ಕೆಟ್ಟ ನೀರೇ ಜಾಸ್ತಿ ಆಗುತ್ತದೆ.

ಹಿಡಿದ ನೀರನ್ನು ಎಲ್ಲಿ ಬಿಡುತ್ತೀರಿ? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪಕ್ಕದವರ ಹೊಲಕ್ಕೋ ಕೆರೆಗೋ ತಿರುಗಿಸಿದರೆ ನಾಳೆ ದೂರು ಬರುವುದು ನಿಮ್ಮ ಮೇಲೆ. ಒಂದು ಹಾಳೆ ಹಾಸಿದ ಹೊಂಡ ಬೇಕು. ಕಾಲುವೆಯಲ್ಲಿ ಸುಣ್ಣಕಲ್ಲು ತುಂಬಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಮೊದಲ ಮಳೆಗಾಲ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಕಲ್ಲಿಗೆಲ್ಲ ತುಕ್ಕಿನ ಕವಚ ಹಿಡಿದು, ಒಳಗೆ ಸುಣ್ಣ ಇದ್ದೂ ಇಲ್ಲದಂತೆ. ಸೆಗಣಿ, ಹುಲ್ಲು, ಸುಣ್ಣಕಲ್ಲು ಹಾಕಿ ಜೊಂಡು ಬೆಳೆಸುವ ಕೃತಕ ಜೌಗು ಇನ್ನೊಂದು ದಾರಿ. ಗಾಳಿಯಿಲ್ಲದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಲೋಹಗಳನ್ನು ಮತ್ತೆ ಸಲ್ಫೈಡ್ ಮಾಡಿ ಕೂರಿಸುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಕೆಲಸ ಮಾಡುತ್ತಿದೆ ಅಂತ ಲೆಕ್ಕ. ವರ್ಷವಿಡೀ ನೀರಿರುವ ಕಡೆ ಇದು ಬಹಳ ಒಳ್ಳೆಯದು. ಕೋಲಾರದ ಬೇಸಿಗೆಗೆ ನಾನು ಇದನ್ನು ಹೇಳುವುದಿಲ್ಲ. ಜೌಗು ಒಣಗಿ ಬಿರುಕು ಬಿಟ್ಟರೆ ಹಿಡಿದಿಟ್ಟದ್ದೆಲ್ಲ ಗಾಳಿಗೆ ಸಿಕ್ಕು, ಮುಂದಿನ ಮಳೆಗೆ ಒಟ್ಟಿಗೇ ಹೊರಬರುತ್ತದೆ. ನಿಮ್ಮದು ಮಳೆಗಾಲದ ಜಿನುಗು. ಹೊಂಡದಲ್ಲಿ ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಬೆರೆಸಿ, ಪಿಎಚ್ 7ರ ಆಸುಪಾಸಿಗೆ ತಂದು, ಗಸಿ ಕೂರಲು ಬಿಟ್ಟು, ಮೇಲಿನ ನೀರನ್ನು ಪರೀಕ್ಷಿಸಿ ಬಿಡುವುದೇ ವಾಸಿ. ಇಲ್ಲಿ ಕೈಮೀರಿ ಪಿಎಚ್ ಏರಿದರೆ ತಪ್ಪು ಹೊಂಡದ ಒಳಗೇ ಉಳಿಯುತ್ತದೆ, ಹೊಲಕ್ಕೆ ಬರುವುದಿಲ್ಲ. ಆ ಗಸಿಯಲ್ಲಿ ಲೋಹ, ಆರ್ಸೆನಿಕ್ ಎಲ್ಲ ಸೇರಿರುತ್ತದೆ. ಗೊಬ್ಬರದ ಥರ ಕಂಡರೂ ಹೊಲಕ್ಕೆ ಹಾಕಬೇಡಿ.

ಇದೆಲ್ಲ ನೀವೇ ದುಡ್ಡು ಹಾಕಿ ಮಾಡಬೇಕಾ? ನ್ಯಾಯವಾಗಿ ನೋಡಿದರೆ ಇಲ್ಲ. ಗುಡ್ಡ ನಿಮ್ಮದಲ್ಲ. ಪರೀಕ್ಷಾ ವರದಿ, ದಿನಾಂಕ ಹಾಕಿದ ಫೋಟೊ, ಬಕೆಟ್ ಲೆಕ್ಕ ಇಟ್ಟುಕೊಂಡು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿ ಕಚೇರಿಗೂ ಬರೆದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅಂಕಿ ಇರುವ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿದರೆ ಇನ್ನೂ ಒಳ್ಳೆಯದು, ಲ್ಯಾಬ್ ಖರ್ಚೂ ಹಂಚಿಹೋಗುತ್ತದೆ.

ಗುಡ್ಡದ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಮಾತು ಸುಳ್ಳಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳ ವಿಷಯದಲ್ಲಿ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿರುವ ಮಣ್ಣು ಸುಮಾರು 3.3 ಕೋಟಿ ಟನ್. ಇದು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಚಿನ್ನದ ಜೊತೆ ಸಲ್ಫೈಡನ್ನೂ ಬೇರ್ಪಡಿಸಿ, ತಳಕ್ಕೆ ಹಾಳೆ ಹಾಸಿದ ಕಟ್ಟೆಯಲ್ಲಿ ಹಾಕಿ ಮುಚ್ಚಿದರೆ ಸಮಸ್ಯೆಯ ಬೇರೇ ಹೋಗುತ್ತದೆ. ಚಿನ್ನ ಮಾತ್ರ ತೆಗೆದು ಉಳಿದದ್ದನ್ನು ಇನ್ನೊಂದು ಕಡೆ ಗುಡ್ಡ ಹಾಕಿದರೆ, ಗಾಳಿ ಕಾಣದೆ ಕೂತಿದ್ದ ಸಲ್ಫೈಡ್ ಹೊಸದಾಗಿ ತೆರೆದುಕೊಳ್ಳುತ್ತದೆ, ದೂಳು ಬೇರೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಸುತ್ತ ಹೀಗೆ ಹಳೆಯ ಗುಡ್ಡಗಳನ್ನು ತೊಳೆದು ಚಿನ್ನ ತೆಗೆದಿದ್ದಾರೆ. ಗುಡ್ಡ ಹೋದರೂ ಅದು ಕೂತಿದ್ದ ನೆಲ ಆಮ್ಲವಾಗಿಯೇ ಉಳಿದದ್ದು ಕಂಡಿದೆ. ನಿಮ್ಮಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದರೆ ಹೋಗಿ ಎರಡೇ ಪ್ರಶ್ನೆ ಕೇಳಿ: ಉಳಿದ ಸಲ್ಫೈಡ್ ಎಲ್ಲಿಗೆ ಹೋಗುತ್ತದೆ? ಗುಡ್ಡ ತೆಗೆದ ಜಾಗವನ್ನು ಯಾರು, ಯಾವ ದುಡ್ಡಿನಲ್ಲಿ ಸರಿ ಮಾಡುತ್ತಾರೆ? ತಡೆಗಾಲುವೆಯನ್ನು ಮಾತ್ರ ಅದಕ್ಕಾಗಿ ಕಾಯಿಸಬೇಡಿ.

ನೀರು ತಿರುಗಿದ ಮೇಲೆ ಮಣ್ಣು. ಮೇಲಿನ ಕಿತ್ತಳೆ ಹೂಳನ್ನು ಕೆರೆದು ಹಾಳೆ ಹಾಸಿದ ಮೂಲೆಗೆ ಹಾಕಿ, ಮಳೆ ಬೀಳದಂತೆ ಮುಚ್ಚಿಡಿ. ಪರೀಕ್ಷೆ ಹೇಳಿದಷ್ಟು ಸುಣ್ಣಕಲ್ಲಿನ ಪುಡಿಯನ್ನು ಕಂತುಗಳಲ್ಲಿ ಉಳುಮೆಯ ಜೊತೆ ಸೇರಿಸಿ, ಪ್ರತಿ ಕಂತಿನ ಬಳಿಕ ಪಿಎಚ್ ನೋಡಿ, 6 ಬಂದರೆ ನಿಲ್ಲಿಸಿ. ತೀರಾ ಕೆಟ್ಟ ಪಟ್ಟೆಗೆ ಮಾತ್ರ ಜಲ್ಲಿ, ಅದರ ಮೇಲೆ ಗೋಡು. ಮೊದಲ ವರ್ಷಗಳಲ್ಲಿ ತಿನ್ನುವ ಬೆಳೆ ಬೇಡ. ಗರಿಕೆ, ಲಾವಂಚ ಹಾಕಿ, ಬದುವಿನ ಕಡೆ ಹೊಂಗೆ. ಲಾವಂಚದ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಹುಲ್ಲು ಸಮವಾಗಿ ಹಸಿರಾಗಿ ಎರಡು ಬೇಸಿಗೆ ದಾಟಿದರೆ ಒಂದು ಸಾಲು ರಾಗಿ ಹಾಕಿ, ಕಾಳನ್ನು ಲ್ಯಾಬಿಗೆ ಕಳಿಸಿ. ಸೊಪ್ಪು, ಮೂಲಂಗಿ ಆ ಪಟ್ಟೆಯಲ್ಲಿ ಬೇಡ. ಕ್ಯಾಡ್ಮಿಯಂ ಸೊಪ್ಪಿಗೆ ಸುಲಭವಾಗಿ ಏರುತ್ತದೆ, ಮೂಲಂಗಿ ಮಣ್ಣಿನ ಒಳಗೇ ಬೆಳೆಯುವಂಥದ್ದು. ಉಳಿದ ಎರಡು ಎಕರೆ ಪರೀಕ್ಷೆಯಲ್ಲಿ ಸರಿ ಇದ್ದರೆ ಎಂದಿನಂತೆ ಬಿತ್ತನೆ ಮಾಡಿ. ಇಡೀ ಹೊಲ ಹಾಳಾಯಿತು ಅಂತ ಮಾರಲು ಹೊರಡಬೇಡಿ.

ಬೋರ್‌ವೆಲ್: ವರದಿ ಬರುವ ತನಕ ಕುಡಿಯಲು, ಅಡುಗೆಗೆ ಬೇಡ. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಸೈನೈಡ್‌ದು 0.05 ಮಿಲಿಗ್ರಾಂ, ಪಿಎಚ್ 6.5ರಿಂದ 8.5. ವರದಿಯಲ್ಲಿ ಸಲ್ಫೇಟ್ ಕಡೆಗೂ ಕಣ್ಣಿಡಿ. ಪಿಎಚ್ ಇನ್ನೂ ಸರಿಯಾಗಿದ್ದು ಸಲ್ಫೇಟ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಗುಡ್ಡದ ನೀರು ಬಾವಿಯ ಕಡೆ ಹೊರಟಿದೆ ಅಂತ ತಿಳಿಯುತ್ತದೆ. ಮಾದರಿಗೆ ಬಾಟಲಿ ಲ್ಯಾಬಿನಿಂದಲೇ ತನ್ನಿ, ಲೋಹದ ಪರೀಕ್ಷೆಯ ಬಾಟಲಿಗೆ ಅವರು ಆಮ್ಲದ ಹನಿ ಹಾಕಿ ಕೊಡುತ್ತಾರೆ. ಖಾಲಿ ಮಿನರಲ್ ವಾಟರ್ ಬಾಟಲಿಯಲ್ಲಿ ಒಯ್ದರೆ ಲೋಹ ಗೋಡೆಗೆ ಅಂಟಿ ವರದಿ ಸುಳ್ಳು ಹೇಳುತ್ತದೆ.

ಹಸುಗಳನ್ನು ಇವತ್ತೇ ಆ ಕಡೆಯಿಂದ ಹಿಂದಕ್ಕೆ ಕಟ್ಟಿ. ಬೇಸಿಗೆಯ ಆ ಬಿಳಿ, ಹಳದಿ ಪುಡಿ ಆಮ್ಲ ಒಣಗಿ ಆದ ಉಪ್ಪು, ಅದರಲ್ಲಿ ಲೋಹವೂ ಇದೆ. ಉಪ್ಪಿನ ಆಸೆಗೆ ದನ ಅದನ್ನು ನೆಕ್ಕುತ್ತವೆ. ಮುಂಗಾರಿನ ಮೊದಲ ಮಳೆಗೆ ಅಷ್ಟೂ ಪುಡಿ ಒಂದೇ ಸಲ ಕರಗಿ ಹರಿಯುತ್ತದೆ, ಇಡೀ ವರ್ಷದ ಅತಿ ಕೆಟ್ಟ ನೀರು ಅದೇ. ಆ ದಿನ ದನ ಕೊಟ್ಟಿಗೆಯಲ್ಲಿರಲಿ, ನೀವು ಬಾಟಲಿ ಹಿಡಿದು ಕಾಲುವೆ ಹತ್ತಿರ ಇರಿ. ನಾನು ನೋಡಬೇಕಾದ ಮಾದರಿ ಅದು.